ಜ್ವರ ಮರೆತ ಊರು

ಕಲಬುರಗಿಯಲ್ಲಿ ಜ್ವರ ಬಂದು ಮಲಗಿದವರನ್ನು ನೋಡಿ ಎಷ್ಟು ವರ್ಷವಾಯಿತು ಎಂದು ಆ ಕಾಲದಲ್ಲಿ ಯಾರನ್ನಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಮೇ ತಿಂಗಳಲ್ಲಿ ಬಿಸಿಲು ಐವತ್ತರ ಗೆರೆ ದಾಟಿ ಕೂತಿರುತ್ತಿತ್ತು. ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಆದರೂ ದಾಲ್ ಮಿಲ್ಲುಗಳು ಓಡುತ್ತಿದ್ದವು, ಪರಶಿಕಲ್ಲಿನ ಗಣಿಯಲ್ಲಿ ಸುತ್ತಿಗೆ ಬೀಳುತ್ತಿತ್ತು, ಖಾನಾವಳಿಗಳಲ್ಲಿ ಹೆಣ್ಣುಮಕ್ಕಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಬಿಸಿಲು ಬಡಿದು ಯಾರೂ ಸಾಯುತ್ತಿರಲಿಲ್ಲ. ಔಷಧದ ಅಂಗಡಿಯವರು ಜ್ವರದ ಗುಳಿಗೆ ಇಡುವುದನ್ನೇ ಬಿಟ್ಟಿದ್ದರು.

ಇದೆಲ್ಲ ಆದದ್ದು ಕಾವಿನಿಂದ. ಸರಕಾರದವರು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದರು, ಜನರ ಬಾಯಲ್ಲಿ ಮಾತ್ರ ಅದು ಕಾವು, ಅಷ್ಟೇ. "ಈ ವರ್ಷದ್ ಕಾವು ಹಾಕಿಸ್ಕೊಂಡ್ರೇನು?" ಎಂದು ಯುಗಾದಿಯ ಹೊತ್ತಿಗೆ ಒಬ್ಬರನ್ನೊಬ್ಬರು ಕೇಳುವುದು ವಾಡಿಕೆಯಾಗಿತ್ತು. ವಿಷಯ ಅಂಥ ಕಷ್ಟದ್ದೇನಲ್ಲ. ಬಿಸಿಲು ಬಡಿದವನನ್ನು ಕೊಲ್ಲುವುದು ಬರೀ ಬಿಸಿಲಲ್ಲ, ಅವನ ರಕ್ತದೊಳಗಿನ ಬಿಳಿಕೋಶಗಳೂ ಹೌದು. ಮೈ ಮಿತಿಮೀರಿ ಕಾದಾಗ ಕರುಳಿನ ಕೊಳಕು ರಕ್ತಕ್ಕೆ ಸೋರುತ್ತದೆ. ಅದನ್ನು ಕಂಡ ಬಿಳಿಕೋಶಗಳು ಎಲ್ಲ ಸೇರಿ ಒಮ್ಮೆಗೇ ಬೊಬ್ಬೆ ಹಾಕುತ್ತವೆ, ಉರಿಯೂತದ ರಾಸಾಯನಿಕಗಳನ್ನು ಮೈತುಂಬ ಚೆಲ್ಲುತ್ತವೆ, ಕಾಯಬೇಕಾದ ಮೈಯನ್ನೇ ಹಾಳುಮಾಡುತ್ತವೆ. ಅದೇ ಕೋಶಗಳನ್ನು ಮೊದಲೇ ಹೊರತೆಗೆದು ನಲವತ್ತೆರಡು ಡಿಗ್ರಿಯಲ್ಲಿ ಒಂದು ತಾಸು ಇಟ್ಟರೋ, ಅವಕ್ಕೆ ತಮ್ಮದೇ ಚಿಂತೆ ಹತ್ತುತ್ತದೆ. ಶಾಖಕ್ಕೆ ಮುದುಡಿದ ಪ್ರೋಟೀನುಗಳನ್ನು ನೆಟ್ಟಗೆ ಮಾಡುವ ರಕ್ಷಕ ಪ್ರೋಟೀನುಗಳನ್ನು ತಯಾರಿಸುವುದರಲ್ಲಿ ಮುಳುಗಿಬಿಡುತ್ತವೆ. 'ಅಪಾಯ, ಕೂಗು' ಎಂಬ ಸುದ್ದಿಯನ್ನು ಕೋಶದ ನಡುಮನೆಗೆ ಒಯ್ಯುವ ಅಣುವಿಗೆ ದಾರಿಯೇ ಸಿಗುವುದಿಲ್ಲ. ಹೀಗೆ ಪಳಗಿದ ಕೋಶಗಳನ್ನು ಮತ್ತೆ ಮೈಗೆ ಸೇರಿಸಿದರೆ ಅವು ಎಲುಬಿನ ಮಜ್ಜೆಯಲ್ಲಿ ಕೂತು, ಹೊಸದಾಗಿ ಹುಟ್ಟುವವಕ್ಕೂ ಅದೇ ಪಾಠ ಹೇಳುತ್ತವೆ. ಒಂದು ಬೇಸಿಗೆ ಸುಖವಾಗಿ ದಾಟುತ್ತದೆ.

ಜ್ವರ ಹುಟ್ಟುವುದೂ ಅದೇ ರಾಸಾಯನಿಕಗಳಿಂದಲೇ. ಹಾಗಾಗಿ ಅದೂ ಹೋಯಿತು. ಒಳ್ಳೆಯದೇ ಆಯಿತು, ಯಾರು ಬೇಡವೆಂದರು? ಆದರೆ ಜ್ವರದ ಜೊತೆಗೆ ಇನ್ನೊಂದು ಸಂಗತಿಯೂ ಹೋಗಿದ್ದನ್ನು ಊರು ಗಮನಿಸಲಿಲ್ಲ. ಹಿಂದೆ ಯಾರಿಗಾದರೂ ಆರಾಮಿಲ್ಲವೆಂದರೆ ಮಂದಿ ಮಾತಾಡಿಸಲು ಹೋಗುತ್ತಿದ್ದರು. ಮಂಚದ ಅಂಚಿಗೆ ಕೂತು, ಊರಿನ ಸುದ್ದಿಯೆಲ್ಲ ಹೇಳಿ, ನಾಕು ಬೈದು, ಚಹಾ ಕುಡಿದು ಬರುತ್ತಿದ್ದರು. ಈಗ ಮಲಗುವವರೇ ಇಲ್ಲವೆಂದ ಮೇಲೆ ಹೋಗುವುದೆಲ್ಲಿಗೆ? ಎಲ್ಲರೂ ಆರಾಮಿದ್ದರು, ಎಲ್ಲರೂ ಅವರವರ ಮನೆಯಲ್ಲಿದ್ದರು.

ಗಮನಿಸಿದವಳು ಮಹಾನಂದಾ ಒಬ್ಬಳೇ. ಅವಳಿಗೆ ಗಮನಿಸಲು ಹೊತ್ತೂ ಬೇಕಾದಷ್ಟಿತ್ತೆನ್ನಿ. ಊರ ಹೊರಗಿನ ಕಾವು ಕೇಂದ್ರದಲ್ಲಿ ಅವಳೇ ದೊಡ್ಡ ವಿಜ್ಞಾನಿ. ಐವತ್ತರ ಆಸುಪಾಸು, ಕೇಂದ್ರದ ಹಿಂದಿನ ಕ್ವಾರ್ಟರ್ಸಿನಲ್ಲಿ ಒಂಟಿ ವಾಸ. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿ ತಲೆ ತಿನ್ನುತ್ತಿದ್ದ ಹಿರಿಯರೆಲ್ಲ ಒಬ್ಬೊಬ್ಬರಾಗಿ ತೀರಿಹೋಗಿದ್ದರು. ಈಗ ಯಾರಾದರೂ ಕೇಳಿದ್ದರೆ ಅವಳು ಖುಷಿಯಿಂದಲೇ ಉತ್ತರ ಹೇಳುತ್ತಿದ್ದಳೇನೋ. ಊರಿಗೆಲ್ಲ ಕಾವು ಕೊಡುವವಳು ತಾನು ಮಾತ್ರ ಹಾಕಿಸಿಕೊಂಡಿರಲಿಲ್ಲ. ಪಳಗಿದ ಕೋಶ ಹೌದೋ ಅಲ್ಲವೋ ಎಂದು ನೋಡಲು ಪಳಗದ ಕೋಶವೂ ಪಕ್ಕದಲ್ಲಿ ಬೇಕಲ್ಲ, ಅದಕ್ಕೆ ಪ್ರತಿ ತಿಂಗಳು ಅವಳ ರಕ್ತವೇ ಆಗುತ್ತಿತ್ತು. ತಂಪು ಕಟ್ಟಡದಿಂದ ತಂಪು ಕ್ವಾರ್ಟರ್ಸಿಗೆ ಓಡಾಡುವವಳಿಗೆ ಕಾವಾದರೂ ಯಾತಕ್ಕೆ?

ದಿನಕ್ಕೊಮ್ಮೆ ಮಾತ್ರ ಅವಳು ಬಿಸಿಲಿಗೆ ಇಳಿಯುತ್ತಿದ್ದಳು, ಜಗದೇವಿಯ ಖಾನಾವಳಿಗೆ ಉಣ್ಣಲು ಹೋಗುವಾಗ. ಜಗದೇವಿ ಗಂಡಸು ಒದರಿದಂಥ ಗಟ್ಟಿ ದನಿಯ, ಅಗಲ ಮುಖದ ವಿಧವೆ. ಸಾಲು ಒಲೆಗಳ ಮುಂದೆ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ತಾನೇ ಎಲ್ಲರಿಗಿಂತ ಜೋರಾಗಿ ರೊಟ್ಟಿ ಬಡಿಯುತ್ತಿದ್ದಳು. ಮಹಾನಂದಾ ಮೂಲೆಯ ಮೇಜಿಗೆ ಕೂತರೆ ಸಾಕು, ಹಂಚಿನ ಕಡೆಯಿಂದಲೇ ಬೈಗುಳ ಶುರು.

"ಬಂದಳ್ ನೋಡು ಕಡ್ಡಿ ಪೈಲ್ವಾನಿ! ನಿನ್ನೆ ಎರಡೇ ರೊಟ್ಟಿ ತಿಂದು ಎದ್ದು ಹೋದಿ. ನನ್ನ ಪುಂಡಿಪಲ್ಯಾ ಏನ್ ಸಪ್ಪಗಿತ್ತೇನು?"

"ಇಲ್ಲಬೇ, ಹೊಟ್ಟಿ ತುಂಬಿತ್ತು."

"ಹೊಟ್ಟಿ ಇದ್ರಲ್ಲಾ ತುಂಬಲಿಕ್ಕೆ!"

ಅಷ್ಟೇ. ಇಡೀ ದಿನದಲ್ಲಿ ಮಹಾನಂದಾಳಿಗೆ ಸಿಗುತ್ತಿದ್ದ ಸಲಿಗೆಯ ಮಾತು ಅಷ್ಟೇ. ಅದರ ಆಸೆಗೆ ಅವಳು ಬೆಳಗಿನಿಂದ ಹಸಿದಿರುತ್ತಿದ್ದಳು. ಇದನ್ನು ಜಗದೇವಿಗೆ ಅವಳು ಯಾವತ್ತೂ ಹೇಳಿರಲಿಲ್ಲ. ಹೇಳಿದರೆ ನಗುತ್ತಿದ್ದಳು, ನಕ್ಕು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಆ ವರ್ಷ ಕೇಂದ್ರಕ್ಕೆ ಒಂದು ಕೆಟ್ಟ ಹೆಸರು ಅಂಟಿಕೊಂಡಿತು. ಅಲ್ಲೊಬ್ಬರು ಇಲ್ಲೊಬ್ಬರು ಸುಳಿವಿಲ್ಲದೆ ಸಾಯತೊಡಗಿದ್ದರು. ಬೆಳಿಗ್ಗೆ ಉಪ್ಪಿಟ್ಟು ತಿಂದು ಎದ್ದವರು ಮಧ್ಯಾಹ್ನಕ್ಕೆ ಕುಸಿದು ಬೀಳುತ್ತಿದ್ದರು. ಕೊಯ್ದು ನೋಡಿದರೆ ಒಳಗೆ ಎಂದೋ ಕೊಳೆತ ಅಪೆಂಡಿಕ್ಸು, ಕೀವು ತುಂಬಿದ ಮೂತ್ರಪಿಂಡ. ನೋವಿಲ್ಲ, ಊತವಿಲ್ಲ, ಏನೂ ಇಲ್ಲ. ಕಾವು ಜ್ವರವನ್ನು ಅಡಗಿಸುತ್ತದೆ ನಿಜ, ಇಷ್ಟು ದೊಡ್ಡ ರೋಗವನ್ನು ಅಡಗಿಸುವ ಶಕ್ತಿ ಅದಕ್ಕಿಲ್ಲ. ಲಕ್ಷಾಂತರ ಜನ ಹಾಕಿಸಿಕೊಂಡಿದ್ದಾರೆ, ಅವರಿಗೆಲ್ಲ ಹೊಟ್ಟೆನೋವು ಹೊಟ್ಟೆನೋವಿನ ಹಾಗೇ ಬರುತ್ತದೆ. ಮತ್ತೆ ಇವರಿಗೇನಾಯಿತು? ವಿಚಿತ್ರವೆಂದರೆ ಸತ್ತವರೆಲ್ಲ ಕೇಂದ್ರದ ನೌಕರರ ಮಂದಿಯೇ. ಡ್ರೈವರಿನ ಮಾವ, ಗುಮಾಸ್ತೆಯ ಅಕ್ಕ. ತಂತ್ರಜ್ಞ ಖಾಜಾಹುಸೇನನ ಅಣ್ಣ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು, ಅವನೂ ಹಾಗೇ ಹೋದ. ಕೇಂದ್ರದ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ಜನ ಆಡಿಕೊಂಡರು. ಖಾಜಾಹುಸೇನ ಹಿಂದೆ ದಿನವಿಡೀ ಗುನುಗುತ್ತಾ ಕೆಲಸ ಮಾಡುವವನು, ಅಣ್ಣನನ್ನು ಮಣ್ಣು ಮಾಡಿ ಬಂದ ಮೇಲೆ ಬಾಯಿ ಕಟ್ಟಿದ್ದ. ಮಹಾನಂದಾ ಯಂತ್ರಗಳನ್ನು ಬಿಚ್ಚಿಸಿ ನೋಡಿದಳು, ನೀರಿನ ಶಾಖ ಅಳೆದಳು, ಕೊಳವೆಗಳನ್ನೆಲ್ಲ ಬದಲಿಸಿದಳು. ಎಲ್ಲ ಸರಿಯಾಗಿತ್ತು. ತಲೆ ಕೆಟ್ಟು ಹೋಗಿತ್ತು ಅವಳಿಗೆ.

ಹಾಗೆ ತಲೆ ಕೆಟ್ಟ ಚಳಿಗಾಲದ ದಿನವೊಂದರಲ್ಲಿ ಖಾನಾವಳಿಗೆ ಹೋದಾಗ ತಟ್ಟೆಯ ಮುಂದೆ ಅವಳಿಗೊಂದು ವಾಸನೆ ಬಂತು. ಪಲ್ಯದ್ದಲ್ಲ, ಚರಂಡಿಯದಲ್ಲ. ಜಗದೇವಿ ಬೇಳೆ ಬಡಿಸಲು ಹತ್ತಿರ ಬಂದಾಗ ಹೆಚ್ಚಾಯಿತು, ಅತ್ತ ಹೋದಾಗ ಕಡಿಮೆಯಾಯಿತು.

"ಜಗದೇವಿ, ಇಲ್ಲಿ ಬಾ. ಸೀರಿ ಥೋಡೆ ಮ್ಯಾಲೆತ್ತು."

"ಅಯ್ ಇದರ! ಮಂದಿ ಉಣ್ಲಾಕತ್ತಾರ, ಏನ್ ಮಾತಾಡ್ತಿ?"

"ಎತ್ತಂದ್ರ ಎತ್ತು."

ಮೊಣಕಾಲಿನ ಕೆಳಗೆ ಅಂಗೈ ಅಗಲದ ಗಾಯ. ಯಾವಾಗಲೋ ಕೊಳ್ಳಿ ತಾಗಿ ಸುಟ್ಟದ್ದು, ಈಗ ನಡುವೆ ಕಪ್ಪಾಗಿ ಕೊಳೆತಿತ್ತು. ಸುತ್ತಲಿನ ಚರ್ಮ ಮಾತ್ರ ಏನೂ ಆಗಿಲ್ಲವೆನ್ನುವಂತೆ ತೆಳ್ಳಗೆ, ತಣ್ಣಗೆ ಇತ್ತು. ಕೆಂಪಿಲ್ಲ, ಬಾವಿಲ್ಲ. ಮಹಾನಂದಾ ಬೆರಳಿನಿಂದ ಒತ್ತಿದಳು. ಜಗದೇವಿ ಒಲೆಯ ಕಡೆ ತಿರುಗಿ, ರೊಟ್ಟಿ ಸೀಯುತ್ತಿದೆ ಎಂದು ಯಾರನ್ನೋ ಬೈಯುತ್ತಿದ್ದಳು. ಒತ್ತಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಮಹಾನಂದಾ ಕೈ ಹಿಂದಕ್ಕೆ ತೆಗೆದಳು. ಸತ್ತವರ ಸಾಲಿನಲ್ಲಿ ಮುಂದಿನವಳು ಇವಳೇ.

ಅವತ್ತೇ ಎಳೆದುಕೊಂಡು ಹೋಗಿ ಕೇಂದ್ರದ ಹಾಸಿಗೆಯಲ್ಲಿ ಮಲಗಿಸಿದಳು. ಜಗದೇವಿಯ ರಕ್ತ ತೆಗೆದು, ಬಿಳಿಕೋಶಗಳ ಮೇಲೆ ಸತ್ತ ರೋಗಾಣುಗಳ ವಿಷ ಹಾಕಿ ಕಾದಳು. ಕಾವು ಹಾಕಿಸಿಕೊಂಡ ಯಾರ ಕೋಶವಾದರೂ ಈ ವಿಷಕ್ಕೆ ಪಿಸುಗುಟ್ಟುವಷ್ಟಾದರೂ ಉತ್ತರ ಕೊಡುತ್ತದೆ. ಇವು ಕೊಡಲಿಲ್ಲ. ಬದುಕಿದ್ದವು, ರಕ್ಷಕ ಪ್ರೋಟೀನುಗಳನ್ನು ತುಂಬಿಕೊಂಡು ದುಂಡಗೆ ಕೂತಿದ್ದವು, ಅಷ್ಟೇ. ಜಗದೇವಿಯ ಒಲೆಯ ಪಕ್ಕದಲ್ಲೇ ಕೂರುವ ಹೆಂಗಸರನ್ನೂ ಕರೆಸಿದಳು. ಅದೇ ಬೆಂಕಿ, ಅದೇ ವಾರ ಹಾಕಿಸಿಕೊಂಡ ಕಾವು, ಅದೇ ಯಂತ್ರ. ಅವರ ಕೋಶಗಳು ಹೇಗಿರಬೇಕೋ ಹಾಗೇ ಇದ್ದವು.

"ಅವರಿಗೂ ನಿನಗೂ ಏನ್ ಫರಕ್ ಅದ ಹೇಳು," ಎಂದಳು ಹಾಸಿಗೆಯ ಪಕ್ಕ ಕೂತು. "ಏನ್ ತಿಂದಿ, ಏನ್ ಕುಡದಿ, ಎಲ್ಲಾ ಹೇಳು."

ಜಗದೇವಿಗೆ ನಗು. "ಫರಕ್ ಇರಲಾರದೇನು? ಅವರಿಗಿ ನಿಮ್ಮ ತಂಪು ಖೋಲ್ಯಾಗ ಅರ್ಧ ದಿನಾ ಕುಂದ್ರಿಸಿದ್ರು, ಆವತ್ತಿನ ಪಗಾರ ಹೋಯ್ತಂತ ಹೊಯ್ಕೊಂಡ್ರು. ನಾ ಒಲಿ ಮುಂದಿಂದ ಎದ್ದಾಕಿ ಸೀದಾ ಬಂದು, ಡಾಕ್ಟರಮ್ಮ ನಮ್ಮಾಕಿ ಅಂದೆ. ನೀನೇ ಬಂದು ಕೈ ಹಿಡ್ಕೊಂಡು ಒಳಗ ಕರ್ಕೊಂಡು ಹೋದಿ. ಮರ್ತಿಯೇನು? ಮಂದಿ ಎಷ್ಟ್ ಹೊಟ್ಟಿ ಉರ್ಕೊಂಡ್ರು ಆವತ್ತು!"

ಮಹಾನಂದಾ ಮರೆತಿರಲಿಲ್ಲ. ಆ ದಿನ ಅವಳಿಗೆ ಎಷ್ಟು ಹೆಮ್ಮೆಯಾಗಿತ್ತೆಂದು ಅವಳಿಗಷ್ಟೇ ಗೊತ್ತು. ಡಾಕ್ಟರಮ್ಮ ನಮ್ಮಾಕಿ. ಹಾಗೆಂದು ಜಗದೇವಿ ಎಲ್ಲರ ಮುಂದೆ ಒದರಿದ್ದಳು.

ತಂಪು ಖೋಲಿಯ ನಿಯಮ ಮೊದಲಿನಿಂದಲೂ ಇತ್ತು. ಕಾವು ಹಾಕುವ ಮೊದಲು ಅರ್ಧ ದಿನ ತಂಪಿನಲ್ಲಿ ಕೂರಿಸಬೇಕು. ಬಂದವರು ದಣಿವಾರಿಸಿಕೊಳ್ಳಲಿ ಎಂಬ ಉಪಚಾರ ಅದು ಎಂದೇ ಎಲ್ಲರೂ ತಿಳಿದಿದ್ದರು, ಮಹಾನಂದಾಳೂ ಹೌದು. ಉಪಚಾರವಲ್ಲವೇ, ನಮ್ಮವರಾದರೆ ಅದನ್ನು ಬಿಟ್ಟುಕೊಡಬಹುದು, ದುಡಿಮೆಯ ಅರ್ಧ ದಿನ ಉಳಿಸಿಕೊಟ್ಟಂತಾಗುತ್ತದೆ. ವಶೀಲಿ ಅಂದರೆ ನಮ್ಮಲ್ಲಿ ಪ್ರೀತಿಯ ಇನ್ನೊಂದು ಹೆಸರು. ಪಾಳಿಯಲ್ಲಿ ನಿಲ್ಲಿಸಿದರೆ ಎಂಥ ಸಂಬಂಧಿಕ, ಎಂಥ ಗೆಳೆಯ? ಆದರೆ ಒಲೆಯ ಮುಂದಿನಿಂದ, ಗಣಿಯ ಬಂಡೆಯ ಮೇಲಿನಿಂದ ಎದ್ದು ಬಂದವರ ಕೋಶಗಳು ಆಗಲೇ ಒಂದು ಸಲ ಕಾದಿರುತ್ತಿದ್ದವು. ತಣಿಯಲು ಬಿಡದೆ ಅವನ್ನು ಮತ್ತೆ ಕಾಯಿಸಿದರೆ ಅವು ಪಳಗುವುದಿಲ್ಲ, ಮೂಕವಾಗುತ್ತವೆ. ಪರಿಚಯವಿಲ್ಲದವರೆಲ್ಲ ಗೊಣಗುತ್ತಾ ತಂಪು ಖೋಲಿಯಲ್ಲಿ ಕೂತು ಬದುಕಿಕೊಂಡಿದ್ದರು. ಕೇಂದ್ರದವರು ಯಾರನ್ನು ಅತಿಯಾಗಿ ಪ್ರೀತಿಸಿದ್ದರೋ ಅವರೇ ಸತ್ತಿದ್ದರು.

ಖಾಜಾಹುಸೇನನಿಗೆ ಹೇಳದೆ ಇರುವಂತಿರಲಿಲ್ಲ. ಅವನು ನೀರಿನ ತೊಟ್ಟಿ ತೊಳೆಯುತ್ತಿದ್ದ. ಅವಳು ಹೇಳಿದ್ದನ್ನು ಪೂರ್ತಿ ಕೇಳಿದ, ಕೈ ಒರೆಸಿಕೊಂಡ, ಸ್ಟೂಲಿನ ಮೇಲೆ ಕೂತ.

"ನಾನೇ ಒಳಗ ಬಿಟ್ಟೆ ಮೇಡಮ್," ಎಂದ. "ಅಣ್ಣ ಬ್ಯಾಡಂದ. ಪಾಳಿಯೊಳಗ ನಿಂದ್ರತೀನಿ ಬಿಡೋ ಅಂದ. ನಾನೇ ಜಬರದಸ್ತಿ ಮಾಡಿ ಎಳ್ಕೊಂಡು ಬಂದೆ. ನನ್ನ ತಮ್ಮ ಇಲ್ಲಿ ಸಾಹೇಬ ಅಂತ ಅವನಿಗಿ ಗೊತ್ತಾಗಲಿ ಅಂತ."

"ನಾವ್ಯಾರೂ ತಿಳ್ದು ಮಾಡ್ಲಿಲ್ಲ, ಖಾಜಾ."

"ಹೌದ್ರಿ," ಎಂದ. ಮತ್ತೆ ಎದ್ದು ತೊಟ್ಟಿ ತೊಳೆಯತೊಡಗಿದ. ಅವನ ಹೆಗಲು ಮುಟ್ಟಬೇಕೆನಿಸಿತು ಮಹಾನಂದಾಳಿಗೆ. ಮುಟ್ಟುವುದು ಹೇಗೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದು ಹೊರಟುಹೋದಳು. ಮರುದಿನದಿಂದ ಖಾಜಾಹುಸೇನ ತಂಪು ಖೋಲಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಅವನ ಹೆಂಡತಿಯ ತಮ್ಮ ಬಂದು ಭಾವಾ ಎಂದರೂ, "ನನಗ ಯಾರ ಗುರ್ತೂ ಇಲ್ಲ, ಒಳಗ ಕುಂದ್ರು," ಎಂದನಂತೆ.

ಇತ್ತ ಜಗದೇವಿಯ ಕಾಲಿನ ವಿಷ ರಕ್ತಕ್ಕೆ ಇಳಿಯತೊಡಗಿತ್ತು. ಕೊಳೆತ ಭಾಗ ಕೊಯ್ದು ತೆಗೆದರು, ಔಷಧಿ ಸುರಿದರು. ಔಷಧಿ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಮೈಯೇ ಮಾಡಬೇಕು. ಮೈಗೆ ಯುದ್ಧ ನಡೆದಿರುವ ಸುದ್ದಿಯೇ ಮುಟ್ಟಿರಲಿಲ್ಲ. ರಕ್ತದೊತ್ತಡ ಇಳಿಯುತ್ತಿತ್ತು, ಉಗುರು ನೀಲಿಗಟ್ಟುತ್ತಿದ್ದವು, ಜಗದೇವಿ ಮಾತ್ರ ಹಾಸಿಗೆಯಲ್ಲಿ ಕೂತು, "ನನಗೇನ್ ಆಗ್ಯದಂತ ಹಿಡ್ದಿಟ್ಟಿ? ಅಲ್ಲಿ ಹಿಟ್ಟು ಹಾಳಾಗ್ಲಾಕತ್ತದ," ಎಂದು ಜಗಳ ತೆಗೆಯುತ್ತಿದ್ದಳು.

ದಾರಿ ಒಂದೇ ಇತ್ತು. ಎಂದೂ ಕಾವು ತಾಗದ ಕೋಶಗಳನ್ನು ಅವಳ ಮೈಗೆ ಹಾಕುವುದು. ಅವು ಕೂಗೆಬ್ಬಿಸಿದರೆ ಮೂಕವಾದವುಗಳೂ ಎಚ್ಚರಾಗಬಹುದು. ಊರಿಗೆ ಊರೇ ಕಾವು ಹಾಕಿಸಿಕೊಂಡಿರುವಾಗ ಅಂಥ ರಕ್ತ ಯಾರದಿದ್ದೀತು? ಮಹಾನಂದಾಳದು. ರಕ್ತದ ಗುಂಪೂ ಹೊಂದಿತು, ಅದೊಂದು ಪುಣ್ಯ. ಆದರೆ ಹಾಗೆ ಎಚ್ಚರಾದ ಮಜ್ಜೆಗೆ ಮುಂದೆ ಎಂದೂ ಕಾವು ಹಾಕುವಂತಿಲ್ಲ, ಹಾಕಿದರೆ ಮತ್ತೆ ಮೂಕವಾಗುತ್ತದೆ. ಕಾವಿಲ್ಲದೆ ಈ ಊರಲ್ಲಿ, ಅದೂ ಒಲೆಯ ಮುಂದೆ, ಜಗದೇವಿ ಒಂದು ಬೇಸಿಗೆಯನ್ನೂ ದಾಟಲಾರಳು. ಬದುಕಿಸಿದರೆ ಊರು ಬಿಡಿಸಿ ತಂಪಿನ ಸೀಮೆಗೆ ಕಳಿಸಬೇಕು. ಲೆಕ್ಕ ಸ್ಪಷ್ಟವಾಗಿತ್ತು, ಮಹಾನಂದಾಳಿಗೆ ಅದು ಬಹಳ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮುಖ ತೊಳೆದು ಬಂದು ಜಗದೇವಿಗೆ ಎಲ್ಲ ಹೇಳಿದಳು. ತಪ್ಪು ತನ್ನದೆಂದೂ ಹೇಳಿದಳು.

ಜಗದೇವಿ ಕಾಲನ್ನು ನೋಡಿಕೊಂಡಳು.

"ಧಾರವಾಡದಾಗ ತಮ್ಮ ಇದ್ದಾನ," ಎಂದಳು. "ಅವನ ಹೇಣ್ತಿ ಕೈಯಾಗಿನ ರೊಟ್ಟಿ ಚಪ್ಪಲಿ ಇದ್ದಂಗಿರ್ತಾವ." ಮಹಾನಂದಾಳ ಕಡೆ ತಿರುಗಿ, "ನೋವಾಗ್ತದೇನು?"

"ಭಾಳ ಆಗ್ತದ."

"ಹಂಗಾರ ಹಾಕು. ಇದೊಂಥರಾ ಬರೇ ಕಟಗಿ ಆಗ್ಯದ ಮೈ. ನಾ ಯಾರಿಗೂ ಹೇಳಿದ್ದಿಲ್ಲ."

ಎರಡು ಸಲ ಮಹಾನಂದಾಳ ತೋಳಿನಿಂದ ರಕ್ತ ತೆಗೆದು ಜಗದೇವಿಯ ತೋಳಿಗೆ ಹಾಕಿದರು. ಇಡೀ ಬೆಳಗು ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಗದೇವಿಯ ದವಡೆ ಕಟಕಟ ಬಡಿಯತೊಡಗಿತು. ಹಲ್ಲು ಕಚ್ಚಿ ಹಿಡಿದರೂ ನಿಲ್ಲಲೊಲ್ಲದು, ಮಂಚವೇ ಅಲುಗುವಂಥ ನಡುಕ. ಪರದೆಯ ಮೇಲೆ ಮೈಶಾಖದ ಅಂಕೆ ಏರುತ್ತಾ ಹೋಯಿತು. ಕಾಲು ಕೆಂಪಾಗಿ ಉಬ್ಬಿತು. ನೋಡಲು ಬಂದ ಖಾಜಾಹುಸೇನ ಆ ಕೆಂಪನ್ನು ನೋಡಿ, "ಯಾ ಅಲ್ಲಾ, ಬಂತು," ಎಂದು ಮುಖ ಮುಚ್ಚಿಕೊಂಡ. ಕೊನೆಗೂ ಜಗದೇವಿ ಊರು ಹಾರಿಹೋಗುವಂತೆ ಒದರಿದಳು.

"ಯವ್ವಾ, ಸತ್ತೆ! ಕಡ್ದು ಒಗೀರಿ ಕಾಲು! ಏನ್ ಹಾಕ್ದಿಯೇ ನನ್ನ ಮೈಯಾಗ, ಹಾಟ್ಯಾಳ ಹೆಂಗಸೇ?"

"ನಂದೇ ರಕ್ತಬೇ."

"ಅದ್ಕೇ ಹಿಂಗ್ ಕಾಡ್ಲಾಕತ್ತದ!"

ಮಹಾನಂದಾ ಹೊಸ ಚೀಲದ ಔಷಧಿ ತರಲು ಎದ್ದಳು. ಜಗದೇವಿಯ ಕೈ ಅವಳ ಸೆರಗು ಹಿಡಿಯಿತು. ಜ್ವರದಲ್ಲಿ ಕಣ್ಣು ಕೆಂಡವಾಗಿದ್ದವು, ದನಿ ಮಾತ್ರ ಸಣ್ಣದಾಗಿತ್ತು.

"ಎಲ್ಲಿ ಹೊಂಟಿ? ಕುಂದ್ರು. ಹೋಗಬ್ಯಾಡ, ಕುಂದ್ರು ಇಲ್ಲೇ."

ಔಷಧಿಯನ್ನು ಖಾಜಾಹುಸೇನನೇ ತಂದ. ಮಹಾನಂದಾ ಕೂತಳು. ಕೊಳೆತ ಕಾಲು, ಇಳಿದ ರಕ್ತದೊತ್ತಡ, ಸಾವು ಬದುಕಿನ ನಡುವೆ ಹೊರಳುತ್ತಿರುವ ಹೆಂಗಸು, ಅಂಥದರಲ್ಲಿ ತನಗೆ ಇಷ್ಟು ಸಂತೋಷವಾಗುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಸಂತೋಷ ಹೋಗಲಿಲ್ಲ. ಅವಳನ್ನು ಹೋಗಬೇಡ ಎಂದು ಯಾರಾದರೂ ಹಿಡಿದು ಕೂರಿಸಿ ಎಷ್ಟೋ ಕಾಲವಾಗಿತ್ತು. ಅವರಿಬ್ಬರೂ ಹಾಗೇ ಇದ್ದರು. ಜಗದೇವಿ ಬೈದಳು, ನರಳಿದಳು, ಸತ್ತ ಗಂಡನ ಸುದ್ದಿ ಹೇಳಿದಳು, ನೀರು ಕೇಳಿದಳು, ಬೆವೆತು ಹಾಸಿಗೆಯೆಲ್ಲ ತೋಯಿಸಿದಳು, ನಿದ್ದೆ ಹೋದಳು. ಉಗುರಿಗೆ ಬಣ್ಣ ಮರಳಿತು.

ಕಾಲು ಮಾಯಲು ಹೊತ್ತು ಹಿಡಿಯಿತು, ಆದರೆ ಮಾಯಿತು. ಯುಗಾದಿ ಹತ್ತಿರವಾಗಿ ಬಿಸಿಲು ಏರುವ ಮೊದಲೇ ಕಳಿಸಬೇಕಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಜಗದೇವಿ ಹಂಚು, ಕೊಣಮಿಗೆ ಎಲ್ಲ ಗಂಟು ಕಟ್ಟಿಕೊಂಡು ಕೂತಿದ್ದಳು. ರೊಟ್ಟಿ ಬಡಿಯುವ ಮರದ ಆ ಅಗಲ ಪರಾತವನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸೇ ಇರಲಿಲ್ಲ.

"ನೀನೂ ಬಂದ್ಬಿಡು," ಎಂದಳು ಕಿಟಕಿಯಿಂದ.

"ಕೇಂದ್ರ ಅದಲ್ಲಾ. ಪಾಳಿ ಶುರು ಆಗ್ಯದ."

"ಹೂಂ. ನಿಂದು ಯಾವಾಗ್ಲೂ ಇದ್ದದ್ದೇ." ಬಸ್ಸು ಅಲುಗಿದಾಗ ಒದರಿದಳು, "ಮೂರ್ ರೊಟ್ಟಿ ತಿನ್ನು!"

ಖಾನಾವಳಿಯನ್ನು ಬೇರೆ ಯಾರೋ ಹಿಡಿದರು. ಊಟ ಚೆನ್ನಾಗಿಯೇ ಇತ್ತು. ಯಾರೂ ಬೈಯುತ್ತಿರಲಿಲ್ಲ. ಕೇಂದ್ರದಲ್ಲೂ ಸದ್ದಿಲ್ಲ. ನಿಯಮ ಬಿಗಿಯಾಗಿತ್ತು, ಸಾವುಗಳು ನಿಂತಿದ್ದವು. ವಶೀಲಿ ನಡೆಯದ ಜಾಗವೆಂದು ಗೊತ್ತಾದ ಮೇಲೆ ನೌಕರರ ನೆಂಟರಿಷ್ಟರು ಮೋರೆ ತಿರುಗಿಸಿಕೊಂಡು ಓಡಾಡುತ್ತಿದ್ದರು. ಖಾಜಾಹುಸೇನ ಬಾಗಿಲ ಕುರ್ಚಿಯಲ್ಲಿ, ಮಹಾನಂದಾ ಗಾಜಿನ ಒಳಗೆ.

ಮಳೆಗಾಲ ಹಿಡಿದಾಗ ಮಹಾನಂದಾಳಿಗೆ ಮೈಕೈ ನೋಯತೊಡಗಿತು. ಗಂಟಲು ಕೆರೆತ, ಕಣ್ಣು ಉರಿ, ಎದ್ದು ನಿಂತರೆ ತಲೆಸುತ್ತು. ಕೇಂದ್ರಕ್ಕೆ ಬರುವುದಿಲ್ಲ ಎಂದಷ್ಟೇ ಹೇಳಿ ಕ್ವಾರ್ಟರ್ಸಿನಲ್ಲಿ ಚಾದರ ಹೊದ್ದು ಮಲಗಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಈ ಊರಿನಲ್ಲಿ ಆರಾಮಿಲ್ಲ ಎನ್ನುವುದು ಯಾರ ತಲೆಗೂ ಹೊಳೆಯುವ ಮಾತಾಗಿರಲಿಲ್ಲ. ಮಧ್ಯಾಹ್ನ ಫೋನು ಬಡಿಯಿತು. ಧಾರವಾಡದ್ದು.

"ದನಿ ಯಾಕ ಹಿಂಗದ?" ಜಗದೇವಿ ಎಂದಿನಂತೆ ಒದರಿದಳು.

"ಥಂಡಿ ಆಗ್ಯದಬೇ, ಏನಿಲ್ಲ."

"ಜ್ವರ ಬಂದಾವೇನು? ಹಣಿ ಮುಟ್ಟಿ ನೋಡು. ನೋಡಿ ಹೇಳು ನನಗ."

ಫೋನನ್ನು ದಿಂಬಿನ ಮೇಲಿಟ್ಟು ಮಹಾನಂದಾ ಅಂಗೈಯನ್ನು ಹಣೆಗೆ ಒತ್ತಿದಳು. ಕೈಯೂ ಹಣೆಯಷ್ಟೇ ಸುಡುತ್ತಿತ್ತು. ಮಗ್ಗುಲು ಬದಲಿಸಿ ಇನ್ನೊಂದು ಕೈ ಇಟ್ಟಳು. ಅದೂ ಅಷ್ಟೇ ಬಿಸಿ.

"ಏನಾತು? ಮುಟ್ಟಿದೇನು? ಸುಡ್ಲಾಕತ್ತದೇನು?" ದಿಂಬಿನಿಂದ ಜಗದೇವಿ ಕೇಳುತ್ತಲೇ ಇದ್ದಳು.

"ಗೊತ್ತಾಗವಲ್ದು," ಎಂದಳು ಮಹಾನಂದಾ.